ಫ್ಯೂಸಿನ ಜಾಗದ ತಂತಿ

ತೆರ್ಮೆಜ್‌ನ ಹಳೇ ಬಜಾರಿನಲ್ಲಿ ನನ್ನದು ಹಗ್ಗ, ಬಕೀಟು, ಜರಡಿಗಳ ಅಂಗಡಿ. ನನ್ನ ಬಲಕ್ಕೆ ಎಶ್ಮುರೋದ್ ಉಸ್ತಾನ ರಿಪೇರಿ ಕೋಣೆ; ಕಸುಬು ಬಲ್ಲವನನ್ನು ನಾವು ಉಸ್ತಾ ಅನ್ನುತ್ತೇವೆ. ಅದರಾಚೆ ಬೀಗದ ಕೈ ಮಾಡುವ ಹಮ್ದಮ್. ಎಶ್ಮುರೋದ್ ಕೂರುವ ಜಾಗ ಎಷ್ಟು ಇಕ್ಕಟ್ಟೆಂದರೆ, ಅವನು ಎದ್ದು ಹೊರಗೆ ಬಂದರಷ್ಟೇ ಇನ್ನೊಬ್ಬ ಒಳಗೆ ಹೋಗಬಹುದು. ಗೋಡೆ ತುಂಬ ಏಸಿಗಳ ಹಸಿರು ಬೋರ್ಡುಗಳು ಒಣಗಿಸಿದ ಮೀನುಗಳ ಹಾಗೆ ಮೊಳೆಗೆ ನೇತಾಡುತ್ತಿರುತ್ತವೆ. ಈ ಊರಿನ ಬೇಸಿಗೆಯಲ್ಲಿ ಏಸಿ ಕೆಟ್ಟ ಮನೆಯವರು ವೈದ್ಯರ ಹತ್ತಿರ ಓಡುವ ಮೊದಲು ಅವನ ಹತ್ತಿರ ಓಡಿ ಬರುತ್ತಾರೆ.

ಅವನೂ ನಾನೂ ಒಂದೇ ವರ್ಷ ಹುಟ್ಟಿದವರು. ಹುಡುಗನಾಗಿದ್ದಾಗ ಅವನು ಅಮು ನದಿಯ ದೋಣಿಗಳ ರೇಡಿಯೋ ರಿಪೇರಿ ಮಾಡುತ್ತಿದ್ದ. ದೋಣಿಗಳು ಹೋದವು, ಟೀವಿಗಳು ಬಂದವು. ಟೀವಿಗಳು ತೆಳ್ಳಗಾದವು, ಏಸಿಗಳು ಬಂದವು. ಅವನ ಕನ್ನಡಕದ ಒಂದು ಕಾಲು ಆಗಲೂ ದಾರದ್ದೇ, ಈಗಲೂ ದಾರದ್ದೇ.

ಬೋರ್ಡು ಕೈಗೆ ಬಂದರೆ ಅವನು ಮೊದಲು ನೋಡುವುದಿಲ್ಲ, ಮೂಸುತ್ತಾನೆ. ಕೆಪಾಸಿಟರ್ ಸೋರಿದ್ದರೆ ಹಳಸಿದ ಮೀನಿನ ವಾಸನೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ತಳ ಹಿಡಿದ ಸಕ್ಕರೆಯ ವಾಸನೆ. ಆಮೇಲೆ ಬೆಳಕಿಗೆ ಹಿಡಿದು ನೋಡುತ್ತಾನೆ. ತಂಪು ಹುಡುಕಿಕೊಂಡು ಹೋದ ಹಲ್ಲಿ ಎರಡು ಬೆಸುಗೆಗಳ ನಡುವೆ ಒಣಗಿ ಅಂಟಿಕೊಂಡಿರುವುದುಂಟು. ಇರುವೆಗಳ ಸಾಲೇ ರಿಲೇಯ ಬಾಯಲ್ಲಿ ಸತ್ತು ಬಿದ್ದಿರುವುದುಂಟು. ಮೀಟರಿನ ಕಡ್ಡಿ ಇಟ್ಟು ಅಳೆಯುವುದು ಎಲ್ಲಕ್ಕಿಂತ ಕೊನೆಗೆ. ಒಂದೊಂದು ಬೋರ್ಡಿಗೂ ಒಂದೊಂದು ಬಾಯಿ ಒಡೆದ ಚಹಾ ಬಟ್ಟಲು ಇಟ್ಟಿದ್ದಾನೆ. ಆ ಬೋರ್ಡಿನ ತಿರುಪುಮೊಳೆ, ಹಾಕಬೇಕಾದ ಹೊಸ ಸಾಮಾನು, ಎಲ್ಲವೂ ಅದರೊಳಗೆ. ಬಟ್ಟಲು ಖಾಲಿಯಾಯಿತೆಂದರೆ ಕೆಲಸ ಮುಗಿಯಿತು. ಬಟ್ಟಲಲ್ಲಿ ಏನಾದರೂ ಉಳಿದಿದ್ದರೆ ಬೋರ್ಡು ಆ ಕೋಣೆ ಬಿಟ್ಟು ಹೋಗುವಂತಿಲ್ಲ.

ಅವನಿಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಫ್ಯೂಸು ಸುಟ್ಟರೆ ನಮ್ಮ ಜನ ಹೊಸದು ತರಲು ಸೋಮಾರಿತನ ಪಟ್ಟು ಅದರ ಜಾಗಕ್ಕೆ ಒಂದು ತುಂಡು ತಂತಿ ಸುತ್ತಿಬಿಡುತ್ತಾರೆ. ಅದನ್ನು ಇಲ್ಲಿ 'ಜೀರುಂಡೆ' ಅನ್ನುತ್ತೇವೆ. ಜೀರುಂಡೆ ಕೂತ ಬೋರ್ಡು ಬಂದರೆ ಎಶ್ಮುರೋದ್ ಗಿರಾಕಿಯನ್ನು ನಿಲ್ಲಿಸಿ ಪಾಠ ಮಾಡುತ್ತಿದ್ದ.

"ಈ ನೀಲಿ ಬಿಲ್ಲೆ ನೋಡಪ್ಪಾ. ಲೈನಲ್ಲಿ ಕರೆಂಟು ಕಳ್ಳನ ಹಾಗೆ ಹುಚ್ಚೆದ್ದು ನುಗ್ಗಿದ್ರೆ ಇದು ಅಪ್ಪಿ ಹಿಡ್ಕೊಳ್ಳುತ್ತೆ. ಇದು ಹಿಡ್ಕೊಂಡ ತಕ್ಷಣ ಫ್ಯೂಸು ಬಾಗಿಲು ಹಾಕುತ್ತೆ. ಬಿಲ್ಲೆ ಸಾಯುತ್ತೆ, ಫ್ಯೂಸು ಸಾಯುತ್ತೆ, ನೀನು ಬದುಕ್ತೀಯ. ಬಾಗಿಲು ಹಾಕೋನನ್ನೇ ಕಿತ್ತು ತಂತಿ ಇಟ್ರೆ ಕಳ್ಳನ ಹೊಡೆದಾಟ ಎಲ್ಲಿ ನಡೆಯುತ್ತೆ? ನಿನ್ನ ಹಾಸಿಗೆ ಮೇಲೆ."

"ಉಸ್ತಾ, ತಂತಿ ಇಟ್ಟು ಎರಡು ವರ್ಷ ಆಯ್ತು, ಏನೂ ಆಗಿಲ್ಲ" ಎಂದು ಯಾರಾದರೂ ಅಂದರೆ, "ಕಳ್ಳ ಇನ್ನೂ ಬಂದಿಲ್ಲ, ಅಷ್ಟೇ" ಎನ್ನುತ್ತಿದ್ದ.

ನಮ್ಮ ಕಡೆ ಆ ಕಳ್ಳ ಬರುವುದು ಗಾಳಿಯ ಜೊತೆ. ನದಿಯ ಆಚೆ ದಡದಿಂದ, ಅಫ್ಘಾನ್ ಮರಳನ್ನೆಲ್ಲ ಬಾಚಿಕೊಂಡು ಬರುವ ಗಾಳಿ ಅದು. ಬಂದರೆ ಮಧ್ಯಾಹ್ನಕ್ಕೇ ದೀಪ ಹಚ್ಚಬೇಕು. ಬೀದಿ ಕಂಬದ ಹಳೇ ತಂತಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ನಾಲ್ಕು ತಂತಿಗಳಲ್ಲಿ ಕರೆಂಟು ಹಿಂದಿರುಗುವ ತಂತಿ ಒಂದು ಹರಿದರೆ ಸಾಕು, ಮನೆಗಳಿಗೆ ಹೆಚ್ಚುಕಡಿಮೆ ಎರಡರಷ್ಟು ವೋಲ್ಟೇಜು ನುಗ್ಗುತ್ತದೆ.

ಬೇಸಿಗೆ ನೆತ್ತಿಗೇರುವ ನಲವತ್ತು ದಿನಕ್ಕೆ ನಾವು ಚಿಲ್ಲಾ ಎನ್ನುತ್ತೇವೆ. ಬಾಣಂತಿಯ ನಲವತ್ತು ದಿನಕ್ಕೂ ಅದೇ ಹೆಸರು. ಆ ವರ್ಷ ರೈಲ್ವೆ ಕೇರಿಯ ತುರ್ಸುನೋಯ್ ಬೀಬಿಯ ಮನೆಗೆ ಎರಡು ಚಿಲ್ಲಾಗಳೂ ಒಟ್ಟಿಗೆ ಬಂದವು. ಅವಳ ಸೊಸೆ ಗುಲ್ರುಖ್ ಹೆಣ್ಣುಮಗು ಹೆತ್ತು ಮನೆಗೆ ಬಂದ ಮಾರನೆಯ ದಿನವೇ ಏಸಿ ನಿಂತಿತು.

ಬೀಬಿಯ ವಿಷಯ ಕೇರಿಗೆಲ್ಲ ಗೊತ್ತು. ಅವಳ ಚೊಚ್ಚಲ ಮಗು ಚಿಲ್ಲಾದೊಳಗೇ ಹೋಗಿತ್ತು. ಅಂದು ಬೀಸಿದ ಗಾಳಿಗೆ ಬಾಣಂತಿ ಕೋಣೆಯ ಬುಡ್ಡಿದೀಪ ಆರಿಹೋಯಿತಂತೆ. ಕಡ್ಡಿ ಹುಡುಕಿ ಮತ್ತೆ ಹಚ್ಚುವಷ್ಟರಲ್ಲಿ ಮಗುವಿನ ಉಸಿರಿರಲಿಲ್ಲವಂತೆ. ಆಮೇಲೆ ಹುಟ್ಟಿದ ಒಬ್ಬನೇ ಮಗ ಜಸೂರ್. ಹಾಗಾಗಿ ಆ ಮನೆಯಲ್ಲಿ ಚಿಲ್ಲಾದ ಕಟ್ಟುಪಾಡು ಬೇರೆಯವರ ಮನೆಯ ಹಾಗಲ್ಲ. ಕೋಣೆಯ ದೀಪ ಹಗಲೂ ರಾತ್ರಿ ಆರಬಾರದು. ಹೊರಗಿನವರು ಹೊಸಿಲು ದಾಟಬಾರದು. ಅದರಲ್ಲೂ ಸಾವಿನ ಮನೆಯಿಂದ, ಮಣ್ಣು ಮಾಡಿ ಬಂದವರ ನೆರಳು ಕೂಡ ಅತ್ತ ಬೀಳಬಾರದು.

ಜಸೂರ್ ಗೂಡ್ಸ್ ರೈಲಿನಲ್ಲಿ ಡ್ರೈವರನ ಕೈಕೆಳಗೆ ಕೆಲಸ ಮಾಡುವವನು. ಒಂದು ಬೆಳಿಗ್ಗೆ ಬೋರ್ಡನ್ನು ಮಗುವಿನ ಬಟ್ಟೆಯಲ್ಲೇ ಸುತ್ತಿಕೊಂಡು ಓಡಿಬಂದ.

"ಉಸ್ತಾ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೇ ಆಗ್ಬೇಕು. ಮಗು ಮೈಯೆಲ್ಲ ಬೆವರುಗುಳ್ಳೆ. ಹಾಲು ಕುಡೀತಿಲ್ಲ."

ಎಶ್ಮುರೋದ್ ಬೋರ್ಡು ಮೂಸಿದ. "ಯಾರು ಬಿಚ್ಚಿದ್ದು?"

"ನಾನೇ. ಅಮ್ಮ ಯಾರನ್ನೂ ಒಳಗೆ ಬಿಡ್ತಿಲ್ಲವಲ್ಲ."

"ಜೋಡಿಸೋದೂ ನೀನೇನಾ?"

"ನಾನೇ."

"ಹಮ್ದಮ್, ಕೇಳಿದ್ಯಾ," ಎಶ್ಮುರೋದ್ ಗೋಡೆಗೆ ತಟ್ಟಿದ. "ರೈಲು ಓಡಿಸೋರೆಲ್ಲ ಏಸಿ ಜೋಡಿಸ್ತಾರಂತೆ. ನಾಳೆಯಿಂದ ನಾನು ಹೋಗಿ ರೈಲು ಓಡಿಸ್ತೀನಿ."

"ಬೇಡ ಉಸ್ತಾ," ಹಮ್ದಮ್ ಆ ಕಡೆಯಿಂದ ಅಂದ. "ನೀವು ಪ್ರತಿ ಸ್ಟೇಷನ್ನಲ್ಲೂ ಇಳಿದು ಇಂಜಿನ್ ಮೂಸ್ತೀರಿ. ರೈಲು ಸಮರ್‌ಕಂದ್ ಮುಟ್ಟೋದ್ರೊಳಗೆ ಚಳಿಗಾಲ ಬಂದಿರುತ್ತೆ."

ಜಸೂರ್ ನಗಲಿಲ್ಲ. ಸಂಜೆಗೆ ಮೊದಲು ಅವನು ಡ್ಯೂಟಿಗೆ ಹೋಗಬೇಕಿತ್ತು. ಮಧ್ಯಾಹ್ನ ಬರುತ್ತೇನೆಂದು ಹೇಳಿ ಹೋದ.

ಬಿಲ್ಲೆ ಒಡೆದಿತ್ತು, ಫ್ಯೂಸು ಕಪ್ಪಾಗಿತ್ತು, ರಿಲೇ ಅಂಟಿಕೊಂಡಿತ್ತು. ಎಶ್ಮುರೋದ್ ಹೊಸ ಬಿಲ್ಲೆ, ಹೊಸ ರಿಲೇ ಬೆಸೆದ. ಫ್ಯೂಸು ಹಾಕುವ ಮೊದಲು ಅವನದೊಂದು ಕ್ರಮವಿದೆ. ಮೊದಲು ಫ್ಯೂಸಿನ ಜಾಗಕ್ಕೆ ದೊಡ್ಡ ಬಲ್ಬೊಂದನ್ನು ಸಿಕ್ಕಿಸಿ ಕರೆಂಟು ಬಿಡುತ್ತಾನೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಬಲ್ಬು ಉರಿಯಲಿಲ್ಲವೆಂದರೆ ಅದನ್ನು ತೆಗೆದು, ಪೂರ್ತಿ ಭಾರದಲ್ಲಿ ಓಡಿಸಿ ನೋಡಲು ಸ್ವಲ್ಪ ಹೊತ್ತು ಅದೇ ಜಾಗಕ್ಕೆ ತಂತಿ. ಓಡಿತೆಂದರೆ ತಂತಿ ಕಿತ್ತು ಫ್ಯೂಸು. ಜೀರುಂಡೆಯನ್ನು ಬೈಯುವವನ ಮೇಜಿನ ಮೇಲೂ ಆ ಸ್ವಲ್ಪ ಹೊತ್ತು ಜೀರುಂಡೆ ಇರುತ್ತಿತ್ತು. ಅದು ಅವನ ಕಣ್ಣೆದುರೇ ಇರುತ್ತಿದ್ದುದರಿಂದ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ.

ಅಂದು ಅವನು ತಂತಿ ಬೆಸೆದು ಬೆಸುಗೆ ಕಬ್ಬಿಣ ಕೆಳಗಿಡುವ ಹೊತ್ತಿಗೆ ಮಸೀದಿಯ ಕಡೆಯಿಂದ ಒಬ್ಬ ಬಂದು ಬಜಾರಿನ ನಡುವೆ ನಿಂತು ಸುದ್ದಿ ಕೂಗಿದ. ಕಾಲುವೆಯ ನೀರು ಹಂಚುತ್ತಿದ್ದ ಮಿರ್ಜೋ ಅಜ್ಜ ತೀರಿಕೊಂಡಿದ್ದ.

ನಮ್ಮಲ್ಲಿ ಸಾವಿನ ಸುದ್ದಿ ಕೇಳಿದ ಗಂಡಸು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಏಳಬೇಕು. ಕ್ಷೌರಿಕ ಅರ್ಧ ಗಡ್ಡಕ್ಕೆ ಏಳುತ್ತಾನೆ, ರೊಟ್ಟಿಯವನು ತಂದೂರಿನಲ್ಲಿ ರೊಟ್ಟಿ ಬಿಟ್ಟು ಏಳುತ್ತಾನೆ. 'ಇದೊಂದು ಮುಗಿಸಿ ಬರ್ತೀನಿ' ಅಂದವನ ಹೆಣಕ್ಕೆ ಭುಜ ಕೊಡಲು ಜನ ತಡಮಾಡುತ್ತಾರೆ ಅನ್ನುವ ಭಯ. ಅದರ ಮೇಲೆ ಆ ಬಿಸಿಲಿನಲ್ಲಿ ಹೆಣ ಕಾಯುವುದೂ ಇಲ್ಲ. ಎಶ್ಮುರೋದ್ ಬೋರ್ಡಿನ ಪ್ಲಗ್ಗು ಕಿತ್ತ. ಮೊಳೆಗೆ ನೇತುಹಾಕಿದ್ದ ನಿಲುವಂಗಿ ತೊಟ್ಟು, ಸೂತಕದ ನಡುಕಟ್ಟು ಬಿಗಿದ. ನಾನೂ ಬಿಗಿದೆ. ಹಮ್ದಮನಿಗೆ ಕಾಲು ಸರಿಯಿಲ್ಲ, ಮೂರು ಅಂಗಡಿ ಕಾಯಲು ಅವನನ್ನೇ ಬಿಟ್ಟು ಹೊರಟೆವು.

ಗೋರಿಸ್ತಾನ ಇರುವುದು ನದಿಯ ಕಡೆಯ ಬೋಳು ದಿಬ್ಬದ ಮೇಲೆ. ಚಟ್ಟ ಭುಜದಿಂದ ಭುಜಕ್ಕೆ ದಾಟುತ್ತ ಓಡಿತು. ಮಣ್ಣು ಕೊಡುವಾಗ ನಾನು ತಲೆಯೆತ್ತಿ ನೋಡಿದೆ. ದಕ್ಷಿಣದ ಆಕಾಶ ಇರಬೇಕಾದ ಕಡೆ ಒಂದು ಕಂದು ಗೋಡೆ ನಿಂತಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಮುಷ್ಟಿಯಿಂದ ಬಿಟ್ಟ ಧೂಳು ನೆಟ್ಟಗೆ ಕೆಳಗೆ ಬೀಳುತ್ತಿತ್ತು. ಗೋರಿ ತೋಡುವವನು ಸಲಿಕೆ ನೆಲಕ್ಕೂರಿ, "ಬೇಗ ಮುಗಿಸಿ. ಅಜ್ಜನ ಹಿಂದೆಯೇ ಬರ್ತಿದೆ" ಅಂದ. ಯಾರೂ ಅವನನ್ನು ಗದರಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಒಂದು ಗುಬ್ಬಿಯ ಸದ್ದೂ ಇಲ್ಲ. ಕೇರಿಯ ನಾಯಿಗಳು ಚರಂಡಿಯ ಮೋರಿಗಳೊಳಗೆ ಸೇರಿಕೊಂಡಿದ್ದವು. ಕಾಲುವೆಯಲ್ಲಿ ಕೈ ತೊಳೆದು ಬಜಾರಿಗೆ ಬಂದೆವು. ಎಶ್ಮುರೋದ್ ತನ್ನ ಕೋಣೆಯ ಬಾಗಿಲಲ್ಲಿ ನಿಂತವನು ಹಾಗೇ ನಿಂತುಬಿಟ್ಟ.

ಮೇಜಿನ ಮೇಲೆ ಬೋರ್ಡು ಇರಲಿಲ್ಲ. ಬಟ್ಟಲಿತ್ತು. ಬಟ್ಟಲಲ್ಲಿ ಹೊಸ ಗಾಜಿನ ಫ್ಯೂಸು ಹೊಳೆಯುತ್ತ ಬಿದ್ದಿತ್ತು.

"ಹಮ್ದಮ್," ಅವನ ಸ್ವರ ಬಹಳ ಮೆಲ್ಲಗಿತ್ತು, "ಇಲ್ಲಿದ್ದ ಬೋರ್ಡು ಎಲ್ಲಿ?"

"ಜಸೂರ್ ಬಂದಿದ್ದ, ಕೊಟ್ಟೆ. ಪಾಪ, ಅಳೋ ಹಾಗಿದ್ದ. ಪ್ಲಗ್ಗು ಹಾಕಿ ನೋಡಿದ್ವಿ ಉಸ್ತಾ, ಅಂಕಿ ಬಂತು, ಟಿಕ್ ಅಂತ ಸದ್ದೂ ಬಂತು. ಏನು, ನನಗೂ ಒಂದಿಷ್ಟು ಕೆಲಸ ಗೊತ್ತಾಗಲ್ವಾ ಇಷ್ಟು ವರ್ಷ ನಿಮ್ಮ ಪಕ್ಕ ಕೂತು?"

"ಬಟ್ಟಲು ನೋಡ್ಲಿಲ್ವಾ?"

ಹಮ್ದಮ್ ಬಟ್ಟಲು ನೋಡಿದ. ಅವನ ಮುಖದ ನಗು ಅಲ್ಲೇ ಒಣಗಿತು.

ಎಶ್ಮುರೋದ್ ಜಸೂರನಿಗೆ ಫೋನು ಮಾಡಿದ. ರೈಲು ಆಗಲೇ ಬೈಸೂನ್ ಬೆಟ್ಟಗಳ ಕಡೆ ಹೊರಟಿತ್ತು, ಫೋನು ಸಿಗಲಿಲ್ಲ. ಬೀಬಿಯ ಹತ್ತಿರ ಫೋನು ಇಲ್ಲ. ಬಾಣಂತಿ ತನ್ನ ಫೋನು ಮುಟ್ಟಲೂ ಅವಳು ಬಿಡುವುದಿಲ್ಲ. ಅವನು ಫ್ಯೂಸನ್ನೂ ಇಕ್ಕಳವನ್ನೂ ಜೇಬಿಗೆ ಹಾಕಿಕೊಂಡು ಹೊರಟ. ನಾನೂ ಹಿಂದೆ ಓಡಿದೆ. ಓಡುವಾಗ ಅವನು ನನ್ನನ್ನು ಒಂದೇ ಮಾತು ಕೇಳಿದ: "ತೊಟ್ಟಿಲು ಎಲ್ಲಿಟ್ಟಿರ್ತಾರೆ?"

ಎಲ್ಲರೂ ಎಲ್ಲಿಡುತ್ತಾರೋ ಅಲ್ಲೇ. ತಂಪು ಎಲ್ಲಿ ಇಳಿಯುತ್ತದೋ ಅಲ್ಲಿ.

ರೈಲ್ವೆಯವರು ಯಾವ ಕಾಲದಲ್ಲೋ ಕಟ್ಟಿದ ಮನೆ ಅದು. ಬಾಣಂತಿ ಕೋಣೆಯ ಕಿಟಕಿ ಓಣಿಗೇ ಇತ್ತು. ಪರದೆ ಎಳೆದಿತ್ತು, ಅದರ ಹಿಂದೆ ದೀಪದ ಹಳದಿ. ಕಿಟಕಿಯ ಪಕ್ಕದ ಗೋಡೆಯಲ್ಲಿ ಏಸಿಯ ಹೊರಗಿನ ಪೆಟ್ಟಿಗೆ ಸಮಾಧಾನವಾಗಿ ಗುಂಯ್‌ಗುಡುತ್ತಿತ್ತು. ಅಷ್ಟು ಚೆನ್ನಾಗಿ ಓಡುತ್ತಿದ್ದ ಏಸಿಯನ್ನು ಕಂಡು ಎಶ್ಮುರೋದನ ಮುಖ ಬಿಳುಚಿಕೊಂಡಿದ್ದನ್ನು ನಾನು ಅವತ್ತು ಮಾತ್ರ ನೋಡಿದ್ದು.

ಹೊಸಿಲ ಮೇಲೆ ತುರ್ಸುನೋಯ್ ಬೀಬಿ ಕೂತಿದ್ದಳು, ಮಡಿಲಲ್ಲಿ ಅಕ್ಕಿಯ ತಟ್ಟೆ. ಮೊದಲು ನಮ್ಮ ಮುಖ ನೋಡಿದಳು, ಆಮೇಲೆ ನಡುಕಟ್ಟು. ತಟ್ಟೆ ಕೆಳಗಿಟ್ಟು ಎದ್ದಳು.

"ಅಲ್ಲೇ ನಿಲ್ಲು. ಮಿರ್ಜೋನ ಮಣ್ಣಿಗೆ ಹೋಗಿದ್ದೆ ತಾನೆ?"

"ಹೋಗಿದ್ದೆ ಬೀಬಿ. ಒಳಗೆ ಬರಲ್ಲ. ಒಂದು ಮಾತು ಹೇಳಿ ಹೋಗ್ತೀನಿ. ಮನೆ ಕರೆಂಟು ಆರಿಸ್ಬೇಕು. ಈಗಲೇ."

"ಏಸಿ ಓಡ್ತಿದೆ. ಚೆನ್ನಾಗಿ ಓಡ್ತಿದೆ. ಮಗು ಇವತ್ತೇ ಕಣ್ತುಂಬ ಮಲಗಿರೋದು. ನಿನಗೆ ಪುಣ್ಯ ಬರಲಿ, ಹೋಗು."

"ಅದರಲ್ಲಿ ತಪ್ಪಾಗಿದೆ ಬೀಬಿ. ಫ್ಯೂಸು ಹಾಕಿಲ್ಲ. ತಂತಿ ಇದೆ. ಗಾಳಿ ಬಂದು ಲೈನು ಹರಿದ್ರೆ ಅದು ಉರಿಯುತ್ತೆ. ಅದರ ಕೆಳಗೆ ಮಗು ಇದೆ."

"ಯಾರು ಮಾಡಿದ ತಪ್ಪು?"

"ನಂದೇ."

ಬೀಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಬಂದಳು. ಗುಂಯ್‌ಗುಟ್ಟುವುದು ನಿಂತಿತು.

"ರಿಮೋಟಲ್ಲಿ ಆರಿಸಿದೆ. ಆಯ್ತಲ್ಲ?"

"ಆಗಲಿಲ್ಲ ಬೀಬಿ. ರಿಮೋಟು ಒತ್ತಿದ್ರೆ ಅದು ಮಲಗುತ್ತೆ ಅಷ್ಟೇ. ಕರೆಂಟು ಇನ್ನೂ ಬೋರ್ಡಿನ ಮೇಲೇ ನಿಂತಿರುತ್ತೆ. ಅದರ ಪ್ಲಗ್ಗು ಕೀಳ್ಬೇಕು."

"ಪ್ಲಗ್ಗು ಇಲ್ಲ. ಜಸೂರ್ ನೇರ ಗೋಡೆಗೆ ಸೇರಿಸಿದಾನೆ. ದೀಪಕ್ಕೂ ಅದಕ್ಕೂ ಒಂದೇ ಸ್ವಿಚ್ಚು, ಪಡಸಾಲೆಯಲ್ಲಿದೆ."

"ಹಾಗಾದ್ರೆ ಆ ಸ್ವಿಚ್ಚು ಆರಿಸಿ. ಒಂದು ಮೇಣದಬತ್ತಿ ಹಚ್ಚಿಟ್ಟು ಆರಿಸಿ."

ಮೇಣದಬತ್ತಿ ಎಂಬ ಮಾತು ಕೇಳಿದ್ದೇ ಅವಳ ಮುಖ ಮುಚ್ಚಿದ ಬಾಗಿಲಿನಂತಾಯಿತು.

"ಗಾಳಿ ಬರ್ತಿದೆ ಅಂತ ನೀನೇ ಹೇಳ್ತೀಯ. ಗಾಳಿಗೆ ಬತ್ತಿ ನಿಲ್ಲುತ್ತಾ? ನಾನು ಒಂದು ಸಲ ನಿಲ್ಲಿಸಿ ನೋಡಿದೀನಿ ಮಗಾ. ಆ ಬಲ್ಬು ಗಾಜಿನೊಳಗಿದೆ, ಊದಿದ್ರೂ ಆರಲ್ಲ. ಅದನ್ನ ನಾನು ಆರಿಸಲ್ಲ. ನೀನು ಹೆಣದ ಮನೆಯಿಂದ ಬಂದು ನನ್ನ ಚಿಲ್ಲಾ ಕೋಣೆ ಕತ್ತಲು ಮಾಡು ಅಂತೀಯ. ನಿನ್ನ ಬಾಯಲ್ಲಿ ಯಾರು ಮಾತಾಡ್ತಿದಾರೆ ನನಗೆ ಗೊತ್ತು."

"ಬೀಬಿ, ನಾನು ಎಶ್ಮುರೋದ್. ನಿಮ್ಮ ರೇಡಿಯೋ ಸರಿ ಮಾಡಿದೋನು. ನೀವು ಕೊಟ್ಟ ಮೊಸರು ಕುಡಿದು ಬೆಳೆದೋನು."

"ಅದಕ್ಕೇ ಇನ್ನೂ ಕಲ್ಲು ಎತ್ತಿಲ್ಲ."

ನಾನು ಅವನ ಕಿವಿಯಲ್ಲಿ, "ನುಗ್ಗಿಬಿಡೋಣ. ಇಬ್ಬರಿದೀವಿ. ಒಬ್ಬಳು ಮುದುಕಿ" ಅಂದೆ.

ಅವನು ತಲೆಯಾಡಿಸಿದ. "ನುಗ್ಗಿದ್ರೆ ಅವಳು ಬಾಗಿಲಿಗೆ ಅಡ್ಡ ಬೀಳ್ತಾಳೆ. ತುಳಿದು ಹೋಗ್ತೀಯಾ? ನಾಳೆ ಮಗು ಸೀನಿದ್ರೂ ನಮ್ಮಿಂದ ಅಂತಾಳೆ. ಸೊಸೇನ ಜೀವ ತಿಂತಾಳೆ." ಅವನು ನಡುಕಟ್ಟು ಬಿಚ್ಚಿ ನನ್ನ ಕೈಗೆ ಕೊಟ್ಟು ಹೊಸಿಲಿಗೆ ಒಂದು ಹೆಜ್ಜೆ ಹತ್ತಿರ ಹೋದ.

"ಬಟ್ಟೆ ಬಿಚ್ಚಿದ್ರೆ ಸಾವು ಬಿಚ್ಚಿಹೋಗಲ್ಲ," ಬೀಬಿ ಅಂದಳು.

ಅಷ್ಟರಲ್ಲಿ ಓಣಿಯ ಬೆಳಕು ಬದಲಾಯಿತು. ಸಂಜೆಗೆ ಇನ್ನೂ ಹೊತ್ತಿದ್ದರೂ ಗೋಡೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದವು. ಮೇಲೆ ಕಂಬದ ತಂತಿಗಳು ಗಾಳಿಯೇ ಇಲ್ಲದೆ ಸಣ್ಣಗೆ ಹಾಡತೊಡಗಿದವು. ಎಶ್ಮುರೋದ್ ತಲೆಯೆತ್ತಿ ಆ ತಂತಿಗಳನ್ನು ನೋಡಿದ. ಅವನು ಬೋರ್ಡಿನ ಬೆಸುಗೆ ನೋಡುವಾಗ ಕಣ್ಣು ಕಿರಿದು ಮಾಡುತ್ತಾನಲ್ಲ, ಹಾಗೆ. ಆಮೇಲೆ ಬೀಬಿಯನ್ನು ಬಿಟ್ಟು ನೇರ ಕಿಟಕಿಯ ಹತ್ತಿರ ಹೋದ.

ಬಾಣಂತಿಯ ಕಿಟಕಿಗೆ ಪರಗಂಡಸು ಬಾಯಿಟ್ಟು ಕೂಗುವುದೆಂದರೆ ನಮ್ಮಲ್ಲಿ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

"ತಂಗೀ, ಗುಲ್ರುಖ್. ಕೇಳಿಸ್ತಿದೆಯಾ? ನಾನು ಏಸಿ ಉಸ್ತಾ."

ಒಳಗೆ ತೊಟ್ಟಿಲು ತೂಗುವ ಕಿರ್‌ಕಿರ್ ಸದ್ದು ನಿಂತಿತು.

"ಏಯ್," ಬೀಬಿ ಹೊಸಿಲಿನಿಂದ ಅಬ್ಬರಿಸಿದಳು, "ಕಿಟಕಿ ಬಿಡು. ಗುಲ್ರುಖ್, ಉತ್ತರ ಕೊಡಬೇಡ."

ನಮ್ಮ ಸೊಸೆಯಂದಿರು ಅತ್ತೆಯೆದುರು ಗಟ್ಟಿಯಾಗಿ ಉಸಿರಾಡುವುದಿಲ್ಲ. ಅವಳು ಉತ್ತರ ಕೊಡಲಿಲ್ಲ. ಆದರೆ ಪರದೆಯ ಅಂಚು ಒಂದು ಬೆರಳಿನಷ್ಟು ಸರಿಯಿತು.

"ಉತ್ತರ ಬೇಡ ತಂಗಿ. ದೀಪ ಆರಿಸೋದೂ ಬೇಡ. ಬೀಬಿ ಹೇಳಿದ್ದು ಮೀರಬೇಡ. ತೊಟ್ಟಿಲು ಮಾತ್ರ ಸರಿಸು. ಏಸಿ ಕೆಳಗಿಂದ ಬಾಗಿಲ ಕಡೆಗೆ. ತೊಟ್ಟಿಲು ಸರಿಸಬಾರ್ದು ಅಂತ ಯಾವ ಕಟ್ಟುಪಾಡೂ ಇಲ್ಲ. ಹಾಸಿಗೆ, ಕಂಬಳಿನೂ ಅದರ ಕೆಳಗೆ ಬಿಡಬೇಡ."

"ಸರಿಸಬೇಡ," ಬೀಬಿ ಅಂದಳು. ಆದರೆ ಈ ಸಲ ಅವಳ ಸ್ವರದಲ್ಲಿ ಸ್ವಲ್ಪ ಅನುಮಾನವಿತ್ತು. ನಿಜಕ್ಕೂ ಅಂಥ ಕಟ್ಟುಪಾಡು ಇದೆಯೋ ಇಲ್ಲವೋ ಎಂದು ಅವಳು ನೆನಪು ಮಾಡಿಕೊಳ್ಳುತ್ತಿದ್ದಂತೆ ಕಂಡಿತು.

ಒಳಗೆ ತೊಟ್ಟಿಲು ಒಮ್ಮೆ ಕಿರುಗುಟ್ಟಿತು. ಆಮೇಲೆ ಒಂದು ಕ್ಷೀಣ ಸ್ವರ, ಪರದೆಗಿಂತ ತೆಳ್ಳಗೆ: "ತುಂಬ ಭಾರ ಇದೆ, ಅಣ್ಣಾ."

"ಎತ್ತಬೇಡ, ಎಳಿ. ಕಂಬಳಿ ಸಮೇತ ಎಳಿ."

ಮರದ ಕಾಲು ನೆಲಕ್ಕೆ ಉಜ್ಜಿದ ಸದ್ದು. ಒಂದು ಸಲ. ನಿಂತಿತು. ಮತ್ತೊಂದು ಸಲ.

ಆಗ ಗಾಳಿ ಬಂತು.

ಅದು ಬೀಸಿಕೊಂಡು ಬರಲಿಲ್ಲ, ಓಣಿಯ ಆ ತುದಿಯಲ್ಲಿ ಯಾರೋ ಬಾಗಿಲು ಒದ್ದು ಒಳನುಗ್ಗಿದ ಹಾಗೆ ಬಂತು. ನನ್ನ ಕೈಯಲ್ಲಿದ್ದ ಅವನ ನಡುಕಟ್ಟು ಹಾರಿಹೋಯಿತು. ಬೀಬಿಯ ಅಕ್ಕಿಯೆಲ್ಲ ಗೋಡೆಗೆ ಆಲಿಕಲ್ಲಿನಂತೆ ಬಡಿಯಿತು. ಎದುರಿಗಿದ್ದ ಎಶ್ಮುರೋದ್ ನನಗೆ ಕಾಣಿಸಲಿಲ್ಲ. ತಲೆಯ ಮೇಲೆ ತಂತಿಗಳು ಬಡಿದಾಡಿ, ಮಣ್ಣಿನ ಕತ್ತಲಲ್ಲಿ ನೀಲಿ ಬೆಂಕಿ ಒಮ್ಮೆ, ಮತ್ತೊಮ್ಮೆ ಹೊಳೆಯಿತು. ಏನೋ ಒಂದು ಉದ್ದಕ್ಕೆ ಹರಿದು ಬಿದ್ದು ನೆಲವನ್ನು ಚಾಟಿಯಂತೆ ಹೊಡೆಯಿತು.

ಬಾಣಂತಿ ಕೋಣೆಯ ಪರದೆ ಬೆಳ್ಳಗಾಯಿತು. ಹಳದಿಯಿದ್ದದ್ದು ಹಾಲಿನಂತೆ, ಆಮೇಲೆ ನೋಡಲಾಗದಂತೆ ಬೆಳ್ಳಗಾಯಿತು. ಬಲ್ಬು ಒಡೆದ ಸದ್ದು ಸಣ್ಣದು. ಅದರ ಹಿಂದೆಯೇ ಬಂದ ಸದ್ದು ಸಣ್ಣದಾಗಿರಲಿಲ್ಲ. ಕತ್ತಲಾದ ಪರದೆಯ ಮೇಲ್ತುದಿಯಲ್ಲಿ, ಏಸಿ ಇದ್ದ ಎತ್ತರದಲ್ಲಿ, ಕೆಂಪು ಬೆಳಕೊಂದು ಹುಟ್ಟಿ ಮೆಲ್ಲಗೆ ಕೆಳಕ್ಕೆ ತೊಟ್ಟಿಕ್ಕತೊಡಗಿತು. ಪ್ಲಾಸ್ಟಿಕ್ಕು ಉರಿಯುತ್ತ ಹನಿಹನಿಯಾಗಿ ಬೀಳುವುದು ಹಾಗೇ.

"ಸ್ವಿಚ್ಚು," ಎಶ್ಮುರೋದ್ ಕಿಟಕಿಗೆ ಬಾಯಿಟ್ಟು ಕೂಗಿದ. "ತಂಗೀ, ಪಡಸಾಲೆ ಸ್ವಿಚ್ಚು. ಕರೆಂಟು ಇರುವಾಗ ನೀರು ಹಾಕಬೇಡ. ಮೊದಲು ಸ್ವಿಚ್ಚು."

ಅವನು ಹೊಸಿಲಿಗೆ ಓಡಿ ಬಂದ. ಬೀಬಿ ಆಗಲೇ ಒಳಗೆ ಹೋಗಿದ್ದಳು. ಹೊಸಿಲು ಖಾಲಿಯಿತ್ತು. ಅವನು ಒಂದು ಕಾಲೆತ್ತಿದ, ಆದರೆ ಆ ಕಾಲನ್ನು ಆಚೆಗೆ ಇಡಲಿಲ್ಲ. ತಡೆಯುವವರು ಯಾರೂ ಇಲ್ಲದ ಬಾಗಿಲೆದುರು ಅವನು ಹಾಗೆ ನಿಂತದ್ದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಒಳಗಿಂದ ಮಗುವಿನ ಸದ್ದು ಬರುತ್ತಿರಲಿಲ್ಲ. ಅವನು ಅದಕ್ಕಾಗಿಯೇ ಕಿವಿಗೊಟ್ಟಿದ್ದ. ನಾನೂ.

ಆಮೇಲೆ ಅವನು ಕಾಲಿಟ್ಟ. ಇಟ್ಟ ಕಾಲು ನೆಲ ಮುಟ್ಟುವಾಗಲೇ ಹೊಗೆಯೊಳಗಿಂದ ಬೀಬಿ ಬಂದಳು. ಎದೆಗೆ ಅವುಚಿಕೊಂಡಿದ್ದ ಗಂಟನ್ನು ಮುಂದಕ್ಕೆ ಚಾಚಿದಳು. ಅವಳ ಎರಡು ಕೈಗಳೂ ಜರಡಿಯಂತೆ ಅಲ್ಲಾಡುತ್ತಿದ್ದವು.

"ಹಿಡಿ."

"ಬೀಬಿ, ನನ್ನ ಕೈ... ಗೋರಿ ಮಣ್ಣು..."

"ಹಿಡಿ ಅಂದೆ. ನನ್ನ ಕೈಯಲ್ಲಿ ಬೀಳುತ್ತೆ."

ಅವನು ಹಿಡಿದುಕೊಂಡ. ಅವಳು ಸೊಸೆಗಾಗಿ ತಿರುಗಿ ಹೋದಳು. ಎಶ್ಮುರೋದ್ ಗಾಳಿಗೆ ಬೆನ್ನು ಕೊಟ್ಟು, ಗೋಡೆಯ ಮೂಲೆಗೆ ಮುಖ ಮಾಡಿ, ಆ ಗಂಟಿನ ಮೇಲೆ ಬಗ್ಗಿ ನಿಂತ. ಅವನು ಮೂಗನ್ನು ಮಗುವಿನ ಮುಖಕ್ಕೆ ಹತ್ತಿರ ತಂದು ಮೂಸಿದ್ದು ನನಗೆ ಕಂಡಿತು. ಸುಟ್ಟ ವಾಸನೆ ಹುಡುಕುತ್ತಿದ್ದನೋ, ಉಸಿರನ್ನೋ. ಆಗ ಮಗು ಒಮ್ಮೆ ಕೆಮ್ಮಿತು. ಆಮೇಲೆ, ನಿದ್ದೆ ಕೆಡಿಸಿದ್ದಕ್ಕೆ ಸಿಟ್ಟು ಬಂದ ಹಾಗೆ, ಗಂಟಲು ಬಿಚ್ಚಿ ಅತ್ತಿತು.

ಸ್ವಿಚ್ಚು ಆರಿಸಿದ್ದು ಗುಲ್ರುಖ್. ಅವಳು ಗೋಡೆ ಹಿಡಿದು ಕೆಮ್ಮುತ್ತ ಬೀಬಿಯ ಹೆಗಲಿಗೆ ಬಿದ್ದು ಹೊರಗೆ ಬಂದಳು. ಅಕ್ಕಪಕ್ಕದ ಗಂಡಸರು ಮರಳು ತುಂಬಿದ ಬಕೀಟು ಹಿಡಿದು ಒಳಗೆ ಓಡಿದರು. ಬೆಂಕಿ ಬಿದ್ದದ್ದು ನೆಲದ ಮೇಲೆ, ಬರೀ ನೆಲದ ಮೇಲೆ. ತೊಟ್ಟಿಲಿದ್ದ ಜಾಗದ ಜಮಖಾನ ತೂತು ತೂತಾಗಿ ಸುಟ್ಟಿತ್ತು. ತೊಟ್ಟಿಲು ಬಾಗಿಲವರೆಗೂ ಬಂದಿರಲಿಲ್ಲ, ಅರ್ಧ ದಾರಿಯಲ್ಲಿತ್ತು. ಅದರ ಒಂದು ಕಾಲಿನ ಮೇಲೆ ಕರಗಿದ ಪ್ಲಾಸ್ಟಿಕ್ಕು ಮೇಣದಂತೆ ಹೆಪ್ಪುಗಟ್ಟಿತ್ತು.

ಓಣಿಯಲ್ಲಿ ಒಂದು ದೀಪವೂ ಇರಲಿಲ್ಲ. ಇಡೀ ಕೇರಿಯ ಕರೆಂಟು ಹೋಗಿತ್ತು. ಮಣ್ಣು ಹಲ್ಲಿನಲ್ಲಿ ಕರಕರ ಅನ್ನುತ್ತಿತ್ತು. ನೆರೆಯ ಹೆಂಗಸರು ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಗೋಡೆಗೊರಗಿ ನಿಂತಿದ್ದರು. ಅವರಲ್ಲಿ ಒಬ್ಬಳು, "ಅಯ್ಯೋ, ಚಿಲ್ಲಾ ಮಗು ಮಣ್ಣು ಮಾಡಿ ಬಂದವನ ಕೈಲಿದೆ" ಅಂದದ್ದು ಗಾಳಿಯಲ್ಲೂ ಸ್ಪಷ್ಟವಾಗಿ ಕೇಳಿಸಿತು.

ತುರ್ಸುನೋಯ್ ಬೀಬಿ ಎಶ್ಮುರೋದನೆದುರು ಬಂದು ನಿಂತಳು.

"ನೀನು ಹೇಳಿದ ತಂತಿನೇ ತಾನೆ ಇದು?"

"ಅದೇ ಬೀಬಿ."

"ನಿನ್ನ ಕೈಲಿ ಆದದ್ದು."

"ನನ್ನ ಕೈಲೇ."

ಅವಳು ಮಗುವಿನ ಮುಖದ ಮೇಲೆ ತನ್ನ ತಲೆವಸ್ತ್ರ ಹೊದಿಸಿದಳು. ಅವಳ ಬೆಳ್ಳಗಿನ ಕೂದಲು ಗಾಳಿಗೆ ನೆಟ್ಟಗೆ ಎದ್ದು ನಿಂತಿತು. ಆ ವಯಸ್ಸಿನ ಹೆಂಗಸು ಬರಿತಲೆಯಲ್ಲಿ ಓಣಿಯಲ್ಲಿ ನಿಂತದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

"ನಿನ್ನ ಮನೇಲಿ ದೀಪ ಇದೆಯಾ?"

"ಇಲ್ಲ ಬೀಬಿ. ಊರಲ್ಲೇ ಇಲ್ಲ ಅನ್ಸುತ್ತೆ. ಗೋಡೆ ಮಾತ್ರ ದಪ್ಪ. ಹೆಂಡತಿ ಇದಾಳೆ."

ಅವಳು ಹೊಗೆ ತುಂಬಿದ ತನ್ನ ಬಾಗಿಲನ್ನು ನೋಡಿದಳು, ಕಾಣದ ಆಕಾಶವನ್ನು ನೋಡಿದಳು. ಗಾಳಿ ಆಗಷ್ಟೇ ಶುರುವಾಗಿತ್ತು. ಒಮ್ಮೆ ಹಿಡಿದರೆ ಅದು ದಿನಗಟ್ಟಲೆ ಬಿಡುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆಮೇಲೆ ಸೊಸೆಯ ಕೈ ಹಿಡಿದು ಕತ್ತಲಲ್ಲೇ ಎಶ್ಮುರೋದನ ಮನೆಯ ಕಡೆಗೆ ನಡೆದಳು.

ಎಶ್ಮುರೋದನ ತೋಳು ಸೋತು ಬರುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಗುವನ್ನು ತೆಗೆದುಕೊಳ್ಳಲು ನಾನು ಕೈ ಚಾಚಿದೆ.

ಬೀಬಿ ತಿರುಗಿಯೂ ನೋಡದೆ, "ಬೇಡ. ಅವನೇ ಹೊರಲಿ" ಅಂದಳು.